ಕತ್ತಿವರಸೆಯ ಕಡೇ ಆಟ

ಊರು ಮಿಡಿಗೇಶಿಯೋ ಕೊರಟಗೆರೆಯೋ, ನನ್ನ ನೆನಪನ್ನು ನಾನೇ ನಂಬಲಾರೆ. ಎಪ್ಪತ್ತರ ದಶಕದಲ್ಲಿ ಚಿಕ್ಕಪ್ಪನ ಟೂರಿಂಗ್ ಟಾಕೀಸಿಗೆ ಜಟಕಾದಲ್ಲಿ ಮೈಕು ಹಿಡಿದು ಪ್ರಚಾರ ಮಾಡುವವರೊಬ್ಬರಿದ್ದರು. ಹಾಡು ಕಡಿಮೆಯೆಂದು ಜನ ಒಲ್ಲದ ಒಂದು ಕತ್ತಿವರಸೆಯ ಚಿತ್ರವೆಂದರೆ ಅವರಿಗೆ ಪ್ರಾಣ. ಬೀಡಿಯನ್ನೇ ಕತ್ತಿಯಂತೆ ಚಾಚಿ, ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ನನಗೆ ಹೇಳುತ್ತಿದ್ದರು: "ವೈರಿ ಕತ್ತಿ ಬೀಳಿಸ್ಕಂಡ್ರೆ, ಎತ್ಕಳ್ಳೋ ಗಂಟ ಕಾಯ್ತಾನೆ ಕಣಮ್ಮ, ನಮ್ ಹೀರೋ!"

ಒಂದು ದಿನ ಚಿಕ್ಕಪ್ಪ, ಇಂದಿನಿಂದ ದೇವರ ಚಿತ್ರವೆಂದು ಕೂಗಿ ಬರಲು ಕಳಿಸಿದರೆ, ಇವರು ಊರೆಲ್ಲ ಸುತ್ತಿ ಕತ್ತಿವರಸೆಯನ್ನೇ ಕೂಗಿ ಬಂದರು. ಚಿಕ್ಕಪ್ಪ ವಿಧಿಯಿಲ್ಲದೆ ಅದನ್ನೇ ಹಾಕಿದರು. ಡೇರೆ ಮುಕ್ಕಾಲು ಖಾಲಿ.

"ಮೈಕ್ ಇಲ್ಲಿಕ್ಕಿ ಹೋಗ್ಲೇ, ನಾಳೆಯಿಂದ ಬರ್ಬ್ಯಾಡ!" ಎಂದರು ಚಿಕ್ಕಪ್ಪ.

"ಆಯ್ತು ಸಾಮಿ, ಪಿಚ್ಚರ್ ನೋಡ್ಕಂಡು ಹೋಯ್ತೀನಿ," ಎಂದವರೇ ಪರದೆಯ ಮುಂದೆ ಮರಳಲ್ಲಿ ಕೂತರು.

"ಆ ಪಿಕ್ಚರ್ ನೀವು ಯಾವತ್ತಾದ್ರೂ ಕೂತು ನೋಡಿದ್ರಾ?" ಎಂದು ಈಚೆಗೆ ಚಿಕ್ಕಪ್ಪನನ್ನು ಕೇಳಿದ್ದೇನೆ. ಅವರು ಉತ್ತರದ ಕತ್ತಿ ಎತ್ತಿಕೊಳ್ಳುವವರೆಗೆ, ಆ ಹೀರೋನಂತೆ ಕಾಯುತ್ತಿದ್ದೇನೆ.