ದೋಣಿಯಲ್ಲಿ ಕೂತು ಉಂಡವರು

ಇಂಜಿನ್ ದೋಣಿಗಳು ಬಂದು, ಶಿರಿಯ ಹೊಳೆಯಲ್ಲಿ ಹುಟ್ಟು ಹಾಕುವ ಹಳೆಯ ದೋಣಿಗಳು ಅಗ್ಗವಾಗಿದ್ದ ಕಾಲ. ನನಗೂ ಒಂದು ಬೇಕಿತ್ತು; ಆದರೆ ಕೊಂಡದ್ದು ಕೆಟ್ಟರೆ ಇನ್ನೊಂದು ಕೊಳ್ಳುವ ಶಕ್ತಿ ಇರಲಿಲ್ಲ. ಹಾಗಾಗಿ ದೋಣಿ ನೋಡಲು ಹೋಗುವಾಗೆಲ್ಲ ನೆರೆಮನೆಯ ಅಜ್ಜನನ್ನು ಜೊತೆಗೆ ಕರೆದೊಯ್ಯುತ್ತಿದ್ದೆ. ಅವರು ಹಲಗೆ ಬಡಿದು ನೋಡುವವರಲ್ಲ. ದೋಣಿಯನ್ನು ಹೊಳೆಗಿಳಿಸಿ, ಅದರ ತಳದಲ್ಲಿ ಚಕ್ಕಳಮಕ್ಕಳ ಕೂತು ಬುತ್ತಿ ಬಿಚ್ಚುತ್ತಿದ್ದರು.

“ಹೇಗುಂಟು ಅಜ್ಜ?” ಎಂದರೆ, “ಅವಸರ ಎಂತಕ್ಕೆ ಮಾರಾಯ, ಊಟ ಆಗಲಿ.”

ಊಟ ಮುಗಿಯುವಷ್ಟರಲ್ಲಿ ಕೂತಲ್ಲಿ ಮುಂಡು ಒದ್ದೆಯಾದರೆ ಮಾತಿಲ್ಲದೆ ಎದ್ದು ಬರುತ್ತಿದ್ದರು. ಹೊಸ ಬಣ್ಣ ಮಿಂಚುವ ದೋಣಿಗಳಿಂದಲೇ ಹೆಚ್ಚಾಗಿ ಹಾಗೆ ಎದ್ದದ್ದು.

ಕೊನೆಗೆ ನೋಡಿದ್ದು ಬಣ್ಣ ಕಿತ್ತುಹೋದ ದೋಣಿ. ಅದರಲ್ಲಿ ಉಂಡರು, ಹೊಳೆಯಲ್ಲೇ ಕೈತೊಳೆದರು, ಹೆಗಲ ಮೇಲಿನ ಬೈರಾಸನ್ನು ಮಡಚಿ ತಲೆಯಡಿಗಿಟ್ಟು ಅಲ್ಲೇ ಗೊರಕೆ ಹೊಡೆಯತೊಡಗಿದರು.

“ಇವರು ಎಂತದೂ ಹೇಳ್ಲಿಲ್ಲವಲ್ಲ!” ಮಾರುವವನು ದಡದಿಂದ ಕೂಗಿದ.

“ಹೇಳಿ ಆಯ್ತು,” ಎಂದೆ. “ಎಬ್ಬಿಸ್ಬೇಡಿ. ದೋಣಿ ನನಗಿರಲಿ.”