ಡ್ರೈವರ್ ಹಿಂದಿನ ಕಿಟಕಿ ಸೀಟು

ಹಿರೇಕೆರೂರು ಬಸ್ ಸ್ಟ್ಯಾಂಡಿನೊಳಗೆ ಹಾವೇರಿ ಬಸ್ಸು ತಿರುಗಿದ್ದೇ ತಡ, ಜನರೆಲ್ಲ ಬಾಗಿಲ ಕಡೆ ಓಡುತ್ತಾರೆ. ನಾನು ಆ ಕಡೆ ಹೋಗುವುದಿಲ್ಲ. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸ್ಸಿನ ಹಿಂದಿನಿಂದ ಸುತ್ತು ಹಾಕಿ ಆಚೆ ಬದಿಗೆ ಹೋಗಿ, ಡ್ರೈವರ್ ಹಿಂದಿನ ಕಿಟಕಿಯ ಸರಳುಗಳ ನಡುವೆ ನನ್ನ ಗಂಡನ ಟವೆಲ್ ತೂರಿಸುತ್ತೇನೆ. ಅಷ್ಟಾದರೆ ಆ ಸೀಟು ನಮ್ಮದು. ಹೆಂಗಸೊಬ್ಬಳು ಹೀಗೆ ಟವೆಲ್ ಹಾಕುವುದನ್ನು ನೋಡಿ ಮೊದಮೊದಲು ಗಂಡಸರು ನಗುತ್ತಿದ್ದರು. ಈಗ ದಾರಿ ಬಿಡುತ್ತಾರೆ. ಮೂರು ವರ್ಷದಲ್ಲಿ ನನ್ನ ಗುರಿ ತಪ್ಪಿದ್ದು ಎರಡೇ ಸಲ. ಅದರಲ್ಲಿ ಒಂದು ಸಲ ಟವೆಲ್ ಹೋಗಿ ಡ್ರೈವರನ ತಲೆಯ ಮೇಲೆ ಬಿದ್ದಿತ್ತು.

ಸೀಟು ನನಗಲ್ಲ, ನನ್ನ ಮಗಳಿಗೆ. ಅವಳಿಗೆ ಒಂಬತ್ತು ವರ್ಷ. ಆಟಿಸಂ ಇದೆ ಎಂದು ಡಾಕ್ಟರು ಹೇಳಿ ಐದು ವರ್ಷವಾಯಿತು. ಪ್ರತಿ ಸೋಮವಾರ ಅವಳನ್ನು ಹಾವೇರಿಗೆ, ಮಾತು ಕಲಿಸುವ ಮೇಡಂ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಡ್ರೈವರಿಗೂ ಆ ಸೀಟಿಗೂ ನಡುವೆ ಒಂದು ತಗಡಿನ ತಡೆ ಇದೆ. ಅವಳು ಅದಕ್ಕೆ ಅಂಗೈ ಒತ್ತಿ ಕೂರುತ್ತಾಳೆ. ಇಂಜಿನ್ನು ಶುರುವಾದ ಕೂಡಲೇ ಗಂಟಲೊಳಗಿನಿಂದ ‘ಊಂ’ ಎಂದು ದನಿ ತೆಗೆಯುತ್ತಾಳೆ. ಗೇರು ಬದಲಾದರೆ ಅವಳ ದನಿಯೂ ಬದಲಾಗುತ್ತದೆ. ಬಸ್ಸು ಏರು ಹತ್ತುವಾಗ ಅವಳೂ ಹತ್ತುತ್ತಾಳೆ, ಇಳಿಯುವಾಗ ಇಳಿಯುತ್ತಾಳೆ. ಇಂಜಿನ್ನು ನಿಂತರೆ ತಾನೂ ನಿಲ್ಲಿಸಿ, ಕೈ ತೆಗೆದು, ಆ ಅಂಗೈಯನ್ನು ಮೂಗಿಗೆ ಹಿಡಿದು ಮೂಸುತ್ತಾಳೆ. ನಾಲ್ಕು ಸೀಟು ಹಿಂದಿನವರೆಗೂ ಅವಳ ದನಿ ಕೇಳುತ್ತದೆ. ಬೇರೆ ಸೀಟಿನಲ್ಲಿ ಕೂರಿಸಿದರೆ ಇಡೀ ಬಸ್ಸಿಗೆ ಕೇಳುತ್ತದೆ, ಆದರೆ ಅದು ಅಳು.

ನಮ್ಮ ಮನೆಗೆ ಬಂದವರು ಅವಳನ್ನು ಎರಡು ನಿಮಿಷ ನೋಡಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ.

“ಇಂಥಾ ಹುಡುಗರಿಗೆ ದೇವರು ಏನರೆ ಒಂದು ಕೊಟ್ಟಿರ್ತಾನಂತ. ನಿಮ್ಮ ಹುಡುಗಿಗೆ ಏನು ಬರ್ತೈತಿ?”

“ಸಿಟ್ಟು ಬರ್ತೈತ್ರಿ, ನನ್ನಂಗ” ಎನ್ನುತ್ತೇನೆ.

ಅವರು ಟಿವಿಯಲ್ಲಿ ಎಲ್ಲೋ ನೋಡಿರುತ್ತಾರೆ, ದೊಡ್ಡ ದೊಡ್ಡ ಲೆಕ್ಕವನ್ನು ಬಾಯಲ್ಲೇ ಮಾಡುವ ಹುಡುಗನನ್ನು. ನನ್ನ ಮಗಳಿಗೆ ಎರಡು ಮತ್ತು ಎರಡು ಸೇರಿದರೆ ಎಷ್ಟು ಎನ್ನುವುದರಲ್ಲಿ ಆಸಕ್ತಿಯೇ ಇಲ್ಲ. ಚಿತ್ರ ಬರೆಯುವುದಿಲ್ಲ, ತಾರೀಕು ಹೇಳುವುದಿಲ್ಲ. ಅವಳಿಗಿರುವುದು ಅವಳದೇ ಕಾಯಿದೆ. ಚೂರು ಮುರಿದ ರೊಟ್ಟಿಯನ್ನು ಮುಟ್ಟುವುದಿಲ್ಲ. ಇಡೀ ರೊಟ್ಟಿ ಕೊಡಬೇಕು, ಅದನ್ನು ತಾನೇ ಕಿವಿಯ ಹತ್ತಿರ ಹಿಡಿದು ‘ಕಟ್’ ಎಂದು ಮುರಿಯಬೇಕು. ಮನೆಗೆ ಬಂದವರು ಚಹಾ ಕುಡಿದು ಮುಗಿಸಿದ್ದೇ, ಲೋಟ ಕಸಿದುಕೊಂಡು “ಹೋಗಿ ಬರ್ರಿ” ಎನ್ನುತ್ತಾಳೆ. ಚಹಾ ಆದ ಮೇಲೆ ಜನ ಹೋಗುತ್ತಾರೆ, ಅದು ಅವಳು ಕಂಡುಕೊಂಡ ಸತ್ಯ. ಎಷ್ಟೋ ಸಲ ನನ್ನ ಮನಸ್ಸಿನಲ್ಲೂ ಅದೇ ಇರುತ್ತದೆ, ಹೇಳುವ ಧೈರ್ಯ ಇರುವುದು ಅವಳಿಗೆ ಮಾತ್ರ. ಓಣಿಯ ಹಿರಿಯಳೊಬ್ಬಳು ಒಮ್ಮೆ ಹೀಗೆ ಲೋಟ ಕಳೆದುಕೊಂಡು, ನಾನು ನಗುತ್ತಿದ್ದುದನ್ನು ನೋಡಿ, “ಹೆತ್ತವರಿಗೆ ಹೆಗ್ಗಣ ಮುದ್ದು” ಎಂದು ಗೊಣಗಿದಳು. “ಹೌದ್ರಿ, ನನಗ ಮುದ್ದ. ನೀವೂ ಮುದ್ದು ಮಾಡ್ರಿ ಅಂತ ನಾ ಯಾವಾಗ ಕೇಳೇನಿ?” ಎಂದೆ. ಅವಳು ಮತ್ತೆ ಚಹಾಕ್ಕೆ ಬರಲು ಆರು ತಿಂಗಳು ಬೇಕಾಯಿತು.

ಇಷ್ಟೆಲ್ಲ ಬಾಯಿ ಜೋರಿರುವ ನಾನೇ ಒಮ್ಮೆ ಅವಳ ಬಾಯಿ ಮುಚ್ಚಿಸಿದ್ದೆ. ಅದನ್ನೂ ಇಲ್ಲಿ ಬರೆಯದಿದ್ದರೆ ನಾನು ಸುಳ್ಳಿ.

ಅವಳಿಗೆ ಆರು ವರ್ಷವಾಗಿದ್ದಾಗಿನ ಮಾತು. ಸವಣೂರಿಗೆ ಕೊಟ್ಟ ನನ್ನ ನಾದಿನಿ ನಮ್ಮಲ್ಲಿಗೆ ಬಂದಿದ್ದಳು. ಒಳ್ಳೆಯವಳೇ. ಒಂದು ಸೋಮವಾರ ನಮ್ಮ ಜೊತೆ ಹಾವೇರಿಗೆ ಬಂದಳು. ಅವತ್ತು ಆ ಸೀಟು ಸಿಗಲಿಲ್ಲ. ನನ್ನ ಮಗಳು ದಾರಿಯಲ್ಲಿ ಸಿಗುವ ಹಂಸಭಾವಿಯವರೆಗೆ ಅತ್ತಳು, ಜನರೆಲ್ಲ ತಿರುಗಿ ತಿರುಗಿ ನೋಡಿದರು. ಮನೆಗೆ ಬಂದ ಮೇಲೆ ನಾದಿನಿ ನನ್ನನ್ನು ಕೂರಿಸಿಕೊಂಡು ಹೇಳಿದಳು: “ಹಟ ಮಾಡಿದಂಗೆಲ್ಲಾ ನೀ ಬಗ್ಗಿದ್ರ ಆಕಿ ತಲಿ ಮ್ಯಾಲೆ ಕುಂದರ್ತಾಳ. ಗಿಡ ಆಗಿ ಬಗ್ಗದ್ದು ಮರ ಆಗಿ ಬಗ್ಗೀತೇನು? ನಾಲ್ಕು ವಾರ ಮನಸ್ಸು ಗಟ್ಟಿ ಮಾಡು.”

ಮಾಡಿದೆ. ಬೇಕೆಂದೇ ಹಿಂದಿನ ಸೀಟುಗಳಲ್ಲಿ ಕೂರಿಸಿದೆ. ಅತ್ತರೆ ಬಾಯಿಯ ಮೇಲೆ ಕೈ ಇಟ್ಟೆ. ಅಳು ನಿಂತು ‘ಊಂ’ ಶುರುವಾದರೂ ಕೈ ತೆಗೆಯಲಿಲ್ಲ, ಯಾಕೆಂದರೆ ಅದಕ್ಕೂ ಜನ ತಿರುಗಿ ನೋಡುತ್ತಿದ್ದರು. ಅವಳ ದನಿ ನನ್ನ ಅಂಗೈಗೆ ತಾಗುತ್ತಿತ್ತು. ಮೂರನೆಯ ವಾರ ಸಣ್ಣಗಾಯಿತು. ನಾಲ್ಕನೆಯ ವಾರ ನನ್ನ ಕೈಗೆ ಏನೂ ತಾಗಲಿಲ್ಲ. ಬಸ್ಸಿನಲ್ಲಿ ಪಕ್ಕದವರು “ಎಷ್ಟು ಶಾಣ್ಯಾ ಆಗ್ಯಾಳ ನೋಡ್ರಿ” ಎಂದರು. ಸವಣೂರಿನಿಂದ ನಾದಿನಿ ಫೋನ್ ಮಾಡಿ, “ನಾ ಹೇಳಿದ್ದಿಲ್ಲೇನು?” ಎಂದಳು. ನಾನೂ ಹಿಗ್ಗಿದೆ. ಹಿಗ್ಗಿದ್ದೆ ಎಂದು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ನಾನು ಮನೆಯಲ್ಲಿ ಓಣಿಯ ಹೆಂಗಸರಿಗೆ ಸೀರೆಯ ಮೇಲಿನ ಜಂಪರ್ ಹೊಲಿಯುತ್ತೇನೆ. ಮಗಳು ತೆವಳುವ ಕಾಲದಿಂದಲೂ ನನ್ನ ಹೊಲಿಗೆ ಮಷೀನಿನ ಕೆಳಗೇ ಬೆಳೆದವಳು. ಮಷೀನಿನ ಕಾಲಿಗೆ ಕೈ ಹಚ್ಚಿ, ನಾನು ತುಳಿದಷ್ಟು ಹೊತ್ತೂ ದನಿ ಕೂಡಿಸುತ್ತಿದ್ದಳು. ಆ ನಾಲ್ಕು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ತೋಳು ಹಚ್ಚಲು ಕೂತಿದ್ದೆ. ಮಷೀನು ತುಳಿದೆ. ಕೆಳಗೆ ಸದ್ದಿಲ್ಲ. ಬಗ್ಗಿ ನೋಡಿದರೆ, ಮಗಳು ಮೂಲೆಗೆ ಸರಿದು ಕೂತಿದ್ದಾಳೆ. ತನ್ನ ಕೈಯನ್ನು ತಾನೇ ಬಾಯಿಯ ಮೇಲೆ ಇಟ್ಟುಕೊಂಡಿದ್ದಾಳೆ. ನಾನು ತುಳಿಯುವುದು ನಿಲ್ಲಿಸಿದೆ, ಅವಳು ಕೈ ಇಳಿಸಿದಳು. ಮತ್ತೆ ತುಳಿದೆ, ಮತ್ತೆ ಕೈ ಬಾಯಿಗೆ ಹೋಯಿತು.

ಅವತ್ತು ಆ ಜಂಪರ್ ಮುಗಿಯಲಿಲ್ಲ. ನೆಲದ ಮೇಲೆ ಅವಳ ಪಕ್ಕ ಕೂತು ಅತ್ತೆ. ಅವಳು ನನ್ನ ಕಣ್ಣೀರನ್ನು ಬೆರಳಿನಿಂದ ಮುಟ್ಟಿ, ರುಚಿ ನೋಡಿ, ಮುಖ ಕಿವುಚಿ ಎದ್ದು ಹೋದಳು.

ಮುಂದಿನ ಸೋಮವಾರದಿಂದ ಆ ಸೀಟಿನ ಬೆನ್ನು ಬಿದ್ದೆ. ಏನಾದರೂ ಆಗಲಿ, ಅವಳ ದನಿ ವಾಪಸ್ ಬರಬೇಕು, ಅದು ಎಲ್ಲಿ ಹೋಯಿತೋ ಅಲ್ಲಿಂದಲೇ ಬರಬೇಕು ಎಂದು ನನ್ನ ತಲೆಗೆ ಹೊಕ್ಕಿತ್ತು. ಹಾವೇರಿಗೆ ಓಡಾಡಿ ಮಾಡಿಸಿದ ಅಂಗವಿಕಲರ ಕಾರ್ಡು ಕೈಯಲ್ಲಿತ್ತು. ಬಸ್ಸು ಹತ್ತಿ, ಆ ಸೀಟಿನಲ್ಲಿ ಕೂತ ಹೆಂಗಸಿಗೆ ಅದನ್ನು ತೋರಿಸಿ, ಮಗಳಿಗೆ ಜಾಗ ಬಿಡಿ ಎಂದು ಕೇಳಿದೆ. ಅವಳು ಕಾರ್ಡು ನೋಡಲಿಲ್ಲ, ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಕೈ ಕಾಲು ಎಲ್ಲಾ ಛಲೋ ಅದಾವಲ್ಲ? ಖೋಟಾ ಕಾರ್ಡ್ ಏನು?” ಎಂದಳು. ನಾನು ರೇಗಿ ಏನೇನೋ ಅಂದೆ. ಇಡೀ ಬಸ್ಸು ಅವಳ ಪರ ನಿಂತಿತು. ಆಗ ಎದುರು ಸೀಟಿನಲ್ಲಿದ್ದ, ತಲೆಗೆ ಪಟಗ ಸುತ್ತಿದ ಮುದುಕರೊಬ್ಬರು ನನ್ನನ್ನು ಹತ್ತಿರ ಕರೆದರು.

“ತಂಗಿ, ಕಾರ್ಡ್ ಯಾರು ನೋಡ್ತಾರ? ಈ ಸ್ಟ್ಯಾಂಡಿನ್ಯಾಗ ಟವೆಲ್ ಹಾಕಿದವ್ರದ ಸೀಟು. ಬರೋ ವಾರ ಒಂದು ಟವೆಲ್ ತಗೊಂಡು ಬಾ.”

ನನ್ನ ಗಂಡ ರೈತರ ಗೋವಿನಜೋಳ ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ತೂಕದ ಕೆಲಸ ಮಾಡುತ್ತಾರೆ. ಅವರ ಹಳದಿ ಟವೆಲ್ ಹೆಗಲೇರಿಸಿಕೊಂಡು ಬಂದೆ. ಮುದುಕರು ಹೇಳಿದ್ದು ಖರೆ ಆಯಿತು. ಡಾಕ್ಟರು ಸಹಿ ಮಾಡಿ, ಸರಕಾರ ಸಿಕ್ಕಾ ಹೊಡೆದು ಕೊಟ್ಟ ಕಾರ್ಡಿಗೆ ಏಳದ ಜನ, ಜೋಳದ ಧೂಳು ಹಿಡಿದ ಟವೆಲ್ಲಿಗೆ ಎದ್ದರು. “ಟವೆಲ್ ಐತ್ರಿ, ಏಳ್ರಿ, ಏಳ್ರಿ” ಎಂದು ಅವರವರೇ ಎಬ್ಬಿಸಿದರು. ನಾನು ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ.

ಸೀಟು ಸಿಕ್ಕಿತು, ದನಿ ಬರಲಿಲ್ಲ. ವಾರ ವಾರ ಕೂರಿಸಿದೆ. ತಗಡಿಗೆ ಕೈ ಒತ್ತುತ್ತಿದ್ದಳು, ಬಾಯಿ ಬಿಗಿದಿರುತ್ತಿತ್ತು. ಎರಡು ತಿಂಗಳಾದ ಮೇಲೆ, ಒಂದು ಸೋಮವಾರ, ರಸ್ತೆಗೆ ಎಮ್ಮೆಗಳು ಅಡ್ಡ ಬಂದು ಬಸ್ಸು ನಿಂತಿತು. ಡ್ರೈವರ್ ಮತ್ತೆ ಗೇರು ಹಾಕಿ ಇಂಜಿನ್ನು ಒಮ್ಮೆ ಮುಲುಗಿದಾಗ, ನನ್ನ ಪಕ್ಕದಲ್ಲಿ ಸಣ್ಣಗೆ ‘ಊಂ’ ಎಂದಿತು. ನಾನು ಅಲುಗಾಡಲಿಲ್ಲ, ತಿರುಗಿಯೂ ನೋಡಲಿಲ್ಲ. ಹಾವೇರಿ ಬರುವವರೆಗೆ ಹಾಗೇ ಕೂತಿದ್ದೆ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಟವೆಲ್ ಒಗೆಯಲೇ ಬೇಡ ಎಂದರು.

ಮೊನ್ನೆ ಗೋವಿನಜೋಳದ ಕಟಾವಿನ ಹೊತ್ತಿಗೆ ಆದದ್ದು ಇದು. ಟವೆಲ್ ಹಾಕಿ ಒಳಗೆ ಬಂದರೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹಿರಿಯರೊಬ್ಬರು ಅದರ ಮೇಲೇ ಕೂತಿದ್ದರು. ಜನ ಎಬ್ಬಿಸಿದರು. ಅವರು ಕಾಯಿದೆ ಗೊತ್ತಿದ್ದವರು, ಟವೆಲ್ ಮಡಚಿ ನನ್ನ ಕೈಗೆ ಕೊಟ್ಟು ಹಿಂದಿನ ಸೀಟಿಗೆ ಹೋದರು. ಬಸ್ಸು ಹೊರಟಿತು. ಮಗಳು ಶುರು ಮಾಡಿದಳು. ಊರು ದಾಟುವುದರೊಳಗೆ ಹಿಂದಿನಿಂದ ನನ್ನ ಹೆಗಲ ಹತ್ತಿರ ಮಾತು ಬಂತು.

“ಟವೆಲ್ ಹಾಕಿದ್ರಿ, ಸೀಟು ಬಿಟ್ಟೆ. ಅದು ನಿಮ್ಮ ಹಕ್ಕು. ಆದ್ರ ಇದೇನ್ರಿ ವದರಾಟ? ಬಾಯಿ ಮುಚ್ಚಸ್ರಿ ಆಕಿದು. ಇಂಥಾವ್ರನ್ನ ಮನ್ಯಾಗ ಇಟ್ಕೋಬೇಕು, ಮಂದ್ಯಾಗ ತರಬಾರದು.”

ಕಂಡಕ್ಟರ್ ಟಿಕೆಟ್ ಕೊಡುತ್ತಾ ಅಲ್ಲೇ ನಿಂತಿದ್ದ. ಅವನೂ, “ಅಕ್ಕಾರ, ಸ್ವಲ್ಪ ಸುಮ್ಮ ಕುಂದ್ರಸ್ರಿ ಆಕಿನ್ನ” ಎಂದ.

ಮೂರು ವರ್ಷ ಟವೆಲ್ ಎಸೆದ ಕೈ ಇದು. ಅವತ್ತು ನನ್ನನ್ನು ಕೇಳದೆ ಮೇಲೆದ್ದಿತು, ಅವಳ ಬಾಯಿಯ ಕಡೆಗೆ. ಇನ್ನೂ ಮುಟ್ಟಿರಲಿಲ್ಲ. ಅವಳು ಆ ಕೈಯನ್ನು ನೋಡಿದಳು. ದನಿ ಅರ್ಧಕ್ಕೇ ನಿಂತಿತು. ತಗಡಿನಿಂದ ಕೈ ತೆಗೆದು ತನ್ನ ಬಾಯಿಯ ಮೇಲೆ ಇಟ್ಟುಕೊಂಡಳು. ಮಷೀನಿನ ಕೆಳಗೆ ಇಟ್ಟುಕೊಂಡ ಹಾಗೆಯೇ. “ಹಾಂ, ಈಗ ಛಲೋ ಆತು” ಎಂದರು ಹಿಂದಿನವರು.

ನಾನು ನನ್ನ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ತಿರುಗಿದೆ.

“ಛಲೋ ಆಗಿಲ್ಲರೀ ಅಣ್ಣಾರ. ಡ್ರೈವರ್‌ಗೆ ಹೇಳ್ರಿ, ಇಂಜಿನ್ ಬಂದ್ ಮಾಡಲಿ. ಇಂಜಿನ್ ಬಂದ್ ಆದ್ರ ನಮ್ಮಾಕಿನೂ ಬಂದ್ ಮಾಡ್ತಾಳ. ಅಲ್ಲೀತನಕ ಆಕಿ ಬಾಯಿಗೆ ಯಾರೂ ಕೈ ಹಚ್ಚಂಗಿಲ್ಲ. ನಾನೂ ಹಚ್ಚಂಗಿಲ್ಲ.”

ಹೇಳುವುದು ಸುಲಭ. ಆದರೆ ನನ್ನ ಮಗಳಿಗೆ ನನ್ನ ಮಾತಿನ ಮೇಲೆ ನಂಬಿಕೆ ಯಾಕೆ ಬರಬೇಕು? ಕೈ ಬಾಯಿಯ ಮೇಲೇ ಇತ್ತು. ಬೇರೆ ಏನೂ ತೋಚಲಿಲ್ಲ. ನಾನೇ ತಗಡಿಗೆ ಕೈ ಒತ್ತಿ, ಗಂಟಲು ಸಡಿಲಿಸಿ, ಜೋರಾಗಿ ‘ಊಂ’ ಎಂದೆ. ನನ್ನ ದನಿ ಮೊದಲೇ ಒಡಕು, ನಮ್ಮ ತವರು ಹಿರೇಬೆಂಡಿಗೇರಿಯಲ್ಲಿ ಸೋಬಾನೆ ಹೇಳುವಾಗಲೂ ನನ್ನನ್ನು ಹಿಂದೆ ನಿಲ್ಲಿಸುತ್ತಿದ್ದರು. ಬಸ್ಸೆಲ್ಲ ತಿರುಗಿ ನೋಡಿತು. ನೋಡಲಿ. “ಅಕ್ಕಾರ, ಈಗ ನೀವೂ ಚಾಲೂ ಮಾಡಿದ್ರ್ಯಾ?” ಎಂದ ಕಂಡಕ್ಟರ್. ನಾನು ನಿಲ್ಲಿಸಲಿಲ್ಲ.

ಮುಂದೆ ಅರ್ಧ ರಸ್ತೆಯ ತುಂಬ ಗೋವಿನಜೋಳ ಒಣಹಾಕಿದ್ದರು. ಡ್ರೈವರ್ ನಿಧಾನ ಮಾಡಿ ಗೇರು ಇಳಿಸಿದ. ನನಗೆಲ್ಲಿ ತಿಳಿಯಬೇಕು, ನಾನು ಹಳೆಯ ದನಿಯಲ್ಲೇ ಎಳೆಯುತ್ತಿದ್ದೆ.

ಮಗಳು ಹುಬ್ಬು ಗಂಟಿಕ್ಕಿ ನನ್ನ ಕಡೆ ತಿರುಗಿದಳು. ತನ್ನ ಬಾಯಿಯ ಮೇಲಿದ್ದ ಕೈ ತೆಗೆದಳು. ತೆಗೆದವಳೇ ಆ ಕೈಯನ್ನು ನನ್ನ ಬಾಯಿಯ ಮೇಲೆ ಇಟ್ಟು ಗಟ್ಟಿಯಾಗಿ ಒತ್ತಿದಳು. ಇನ್ನೊಂದು ಕೈಯನ್ನು ತಗಡಿಗೆ ಹಚ್ಚಿ, ಎರಡನೆಯ ಗೇರಿನ ಸರಿಯಾದ ದನಿ ಹಿಡಿದು, ಹಂಸಭಾವಿಯವರೆಗೆ ಒಬ್ಬಳೇ ಹಾಡಿದಳು.