ಬಾಟಲಿ ತೊಳೆಯುವ ಚಿಕ್ಕನಿಂಗಮ್ಮ

ಉಡಿಗಾಲದ ಚಿಕ್ಕನಿಂಗಮ್ಮ ಚಾಮರಾಜನಗರದ ನಮ್ಮ ಪ್ರಯೋಗಾಲಯಕ್ಕೆ ಗಾಜು ತೊಳೆಯಲು ಸೇರಿ ಹತ್ತೊಂಬತ್ತು ವರ್ಷ. ಗಂಡ ಪುಟ್ಟಮಾದು ಗುಂಡ್ಲುಪೇಟೆಯಲ್ಲಿ ಈರುಳ್ಳಿ ಲಾರಿಗೆ ಮೂಟೆ ಹೊರುತ್ತಿದ್ದವರು. ಅವರು ತೀರಿಕೊಂಡ ಮೇಲೆ ಸಿಕ್ಕ ಕೆಲಸ. ನಿಂಗಮ್ಮ ತೊಳೆದದ್ದನ್ನು ಯಾರೂ ಮತ್ತೆ ತೊಳೆಯುತ್ತಿರಲಿಲ್ಲ.

ಹೋದ ವರ್ಷ ನಾವು ತಾನಾಗಿಯೇ ನಡೆಯುವ ಪ್ರಯೋಗಾಲಯವೊಂದನ್ನು ಕಟ್ಟತೊಡಗಿದೆವು. ಸೌರಫಲಕಕ್ಕೆ ಬಳಿಯುವ ಹೊಸ ಲೇಪನ ಹುಡುಕುವುದು ಅದರ ಕೆಲಸ. ಬೆರೆಸಲು ಒಂದು ಪೆಟ್ಟಿಗೆ, ಕಾಯಿಸಲು ಒಂದು, ಅಳೆಯಲು ಒಂದು. ಬೇಕಾದಂತೆ ಜೋಡಿಸಬಹುದು, ಬಿಚ್ಚಬಹುದು. ಫಲಿತಾಂಶ ನೋಡಿ ಮುಂದಿನ ಬೆರಕೆ ಯಾವುದೆಂದು ಯಂತ್ರವೇ ತೀರ್ಮಾನಿಸುತ್ತದೆ. ಅದರ ಪ್ರೋಗ್ರಾಂ ನನ್ನದು. ತೊಳೆಯುವುದೊಂದು ಮಾತ್ರ ನಿಂಗಮ್ಮನ ಕೈಯಲ್ಲಿ ಉಳಿದಿತ್ತು.

"ನನ್ ಪೆಟ್ಗೆ ಯಾವತ್ತು ತತ್ತೀರವ್ವ?" ಎಂದು ಅವರು ನಗುತ್ತ ಕೇಳಿದಾಗ, "ಅದೆಲ್ಲ ಇಲ್ಲ ಬಿಡಿ ನಿಂಗಮ್ಮ" ಎಂದಿದ್ದೆ. ಆಗ ಅದು ಸುಳ್ಳಾಗಿರಲಿಲ್ಲ.

ಮೂರು ವಾರ ಯಂತ್ರಕ್ಕೆ ಇಡುವ ಪ್ರತಿ ತಟ್ಟೆಯ ಮೊದಲ ಬಾಟಲಿಯ ಲೇಪನ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಬಂತು. ಬಣ್ಣ ಗಾಢವಾದಷ್ಟೂ ಒಳ್ಳೆಯದೆಂದು ಯಂತ್ರ ಅದರ ಬೆನ್ನು ಹತ್ತಿತು. ಮುಖ್ಯಸ್ಥರಾದ ಸುಧಾಕರ್, "ನಿಮ್ಮ ಪ್ರೋಗ್ರಾಂ ತಪ್ಪಿದೆ ಭವ್ಯ" ಎಂದರು. ನನ್ನದು ಒಂದು ವರ್ಷದ ಗುತ್ತಿಗೆ. ಮಗುವನ್ನು ಗುಂಡ್ಲುಪೇಟೆಯಲ್ಲಿ ಅತ್ತೆಯ ಹತ್ತಿರ ಬಿಟ್ಟು ಬರುವವಳು; ಆ ವಾರ ಅದಕ್ಕೆ ಜ್ವರ ಬೇರೆ. ಬಸ್ಸಿನುದ್ದಕ್ಕೂ ಫೋನ್ ನೋಡುತ್ತಿದ್ದೆ, ಜ್ವರದ ಸುದ್ದಿಗೋ ಕೆಲಸ ಹೋದ ಸುದ್ದಿಗೋ ನನಗೇ ತಿಳಿಯದೆ.

ಒಂದು ದಿನ ಬೆಳಿಗ್ಗೆ ಬೇಗ ಹೋದೆ. ನಿಂಗಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಕಾಳು ಸಕ್ಕರೆಯನ್ನು ಮೊದಲ ಬಾಟಲಿಗೆ ಹಾಕುತ್ತಿದ್ದರು.

"ಏನು ಮಾಡ್ತಿದ್ದೀರಿ?"

"ಬರೀ ಪಾತ್ರೆ ಒಪ್ಪುಸ್ಬಾರ್ದು ಕಣವ್ವ. ನೀವಾದ್ರೆ ಮನೆಯೋರು, ನಡೀತದೆ. ಈ ಮಿಷನ್ನು ಒಸ್ದಾಗಿ ಬಂದಿರೋದು. ಒಂದ್ ಕಾಳು ತಾನೆ?"

ಅಲ್ಲೇ ಹೇಳಿದ್ದರೆ ನಿಲ್ಲಿಸುತ್ತಿದ್ದರು. ನಾನು ಹೋಗಿ ಸುಧಾಕರ್‌ಗೆ ಮೇಲ್ ಬರೆದೆ. ಪ್ರೋಗ್ರಾಂನಲ್ಲಿ ದೋಷವಿಲ್ಲ, ಸಕ್ಕರೆ ಕಾದು ಕಂದಾಗುತ್ತಿದೆಯೆಂದು ಮೊದಲ ಸಾಲು. ನಿಂಗಮ್ಮನ ಹೆಸರು ಎರಡನೆಯದರಲ್ಲಿ.

ತೊಳೆಯುವ ಪೆಟ್ಟಿಗೆಯೂ ಆಗಲಿ, ಈ ತಿಂಗಳಿಗೆ ನಿಂಗಮ್ಮನ ಕೆಲಸ ಮುಗಿಯಲಿ ಎಂದು ಸಂಜೆಯೊಳಗೆ ತೀರ್ಮಾನವಾಯಿತು. ಆ ಪೆಟ್ಟಿಗೆಯನ್ನು ನಾನೇ ಕಟ್ಟಬೇಕಿತ್ತು. ಎಷ್ಟು ನೀರು, ಎಷ್ಟು ಹೊತ್ತು ಎಂದು ಯಾರೂ ಬರೆದಿಟ್ಟಿರಲಿಲ್ಲ. ನೋಟ್‌ಬುಕ್ ಹಿಡಿದು ಅವರ ಪಕ್ಕ ನಿಂತೆ.

ಮೇಲ್ ಬರೆದದ್ದು ನಾನೆಂದು ಅವರಿಗೆ ಗೊತ್ತಿತ್ತು. "ಮಗಿಗೆ ಜರ ಬುಡ್ತಾ?" ಎಂದು ಕೇಳಿದರು. ಬಿಟ್ಟಿದೆ ಎಂದೆ.

"ಬರ್ಕೊಳವ್ವ. ಮೊದ್ಲು ಬಿಸ್ನೀರು. ಆಮ್ಯಾಕೆ ತಣ್ಣೀರು, ಎಲ್ಡು ಸಲ. ಕುತ್ಗೆ ತಾವ ಜಿಡ್ಡು ನಿಂತ್ಕತದೆ, ಅಲ್ಲಿ ಬ್ರಷ್ಶು ತಿರುಗುಸ್ಬೇಕು."

ನನ್ನ ಪೆನ್ನು ನಿಂತಿತು.

"ಯಾಕವ್ವ, ಬೇಗ್ ಬೇಗ್ನೆ ಏಳ್ಬುಟ್ನಾ?" ಎಂದು ನಿಂಗಮ್ಮ ಅದೇ ಮಾತನ್ನು ನಿಧಾನವಾಗಿ ಇನ್ನೊಮ್ಮೆ ಹೇಳಿದರು.